ಪುಸ್ತಕವಾದರೆ ಓದು, ಫ್ಲಾಪಿಯಾದರೆ ಆಯುಧ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಕಾನೂನಿನ ಬಗ್ಗೆ ಮಾತು ಅಂದ ಕೂಡಲೇ ಹಿಂದಿನ ಸಾಲಿನವರು ಬಾಗಿಲು ಎಲ್ಲಿದೆ ಅಂತ ನೋಡಿಕೊಳ್ಳುತ್ತಾರೆ. ಗೊತ್ತು. ಅದಕ್ಕೇ ಸೆಕ್ಷನ್ನುಗಳ ಗೊಡವೆ ಆಮೇಲೆ. ಮೊದಲು ಒಂದು ಪುಸ್ತಕ, ಒಂದು ಫ್ಲಾಪಿ.

1994ನೇ ಇಸವಿ. ಅಮೆರಿಕದಲ್ಲಿ ಫಿಲ್ ಕಾರ್ನ್ ಅಂತ ಒಬ್ಬ ಎಂಜಿನಿಯರ್. ಬ್ರೂಸ್ ಶ್ನೈಯರ್ ಬರೆದ 'ಅಪ್ಲೈಡ್ ಕ್ರಿಪ್ಟೋಗ್ರಫಿ' ಅನ್ನುವ ಪುಸ್ತಕ ಆಗಿನ್ನೂ ಹೊಸದು. ಅದರ ಕೊನೆಯ ಭಾಗದಲ್ಲಿ ಎನ್‌ಕ್ರಿಪ್ಶನ್ ಮಾಡುವ, ಅಂದರೆ ಸಂದೇಶವನ್ನು ಬೇರೆಯವರು ಓದಲಾಗದಂತೆ ಗೂಢಗೊಳಿಸುವ ಪ್ರೋಗ್ರಾಂಗಳ ಸೋರ್ಸ್ ಕೋಡ್, ಅಂದರೆ ಮನುಷ್ಯರು ಬರೆದ ಮೂಲ ರೂಪ, ಪುಟಗಟ್ಟಲೆ ಅಚ್ಚಾಗಿತ್ತು. ಕಾರ್ನ್ ತಮ್ಮ ದೇಶದ ವಿದೇಶಾಂಗ ಇಲಾಖೆಗೆ ಪತ್ರ ಬರೆದು, ಈ ಪುಸ್ತಕವನ್ನು ಹೊರದೇಶಕ್ಕೆ ಕಳಿಸಬಹುದಾ ಅಂತ ಕೇಳಿದರು. ಮಾರ್ಚ್‌ನಲ್ಲಿ ಉತ್ತರ ಬಂತು. ಪುಸ್ತಕ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಧಾರಾಳವಾಗಿ ಕಳಿಸಿ.

ಕಾರ್ನ್ ಸುಮ್ನೆ ಕೂರುವ ಆಸಾಮಿ ಅಲ್ಲ. ಪುಸ್ತಕದಲ್ಲಿದ್ದ ಅದೇ ಕೋಡ್‌ಅನ್ನು ಒಂದು ಫ್ಲಾಪಿಗೆ ಹಾಕಿ, ಇದನ್ನು ಕಳಿಸಬಹುದಾ ಅಂತ ಮತ್ತೆ ಕೇಳಿದರು. ಮೇ ತಿಂಗಳಲ್ಲಿ ಉತ್ತರ ಬಂತು. ಇಲ್ಲ, ಇದು ಯುದ್ಧ ಸಾಮಗ್ರಿ, ಲೈಸೆನ್ಸ್ ಬೇಕು.

ಪುಸ್ತಕಕ್ಕೂ ಫ್ಲಾಪಿಗೂ ಏನು ವ್ಯತ್ಯಾಸ? ಇಲಾಖೆ ಕಾರಣ ಕೊಟ್ಟಿತ್ತು. ಫ್ಲಾಪಿಯಲ್ಲಿ ಪ್ರತಿಯೊಂದು ಪ್ರೋಗ್ರಾಂಅನ್ನೂ ಬೇರೆ ಬೇರೆ ಫೈಲ್ ಮಾಡಿ ಇಟ್ಟಿದ್ದೀರಿ, ಅದನ್ನು ಸುಲಭವಾಗಿ ಕಂಪೈಲ್ ಮಾಡಿ, ಅಂದರೆ ಯಂತ್ರ ನಡೆಸುವ ರೂಪಕ್ಕೆ ತಿರುಗಿಸಿಬಿಡಬಹುದು ಅಂತ. ಅಂದರೆ ಹೊರದೇಶದವನೊಬ್ಬ ಪುಸ್ತಕ ತೆರೆದಿಟ್ಟುಕೊಂಡು ಕೂತು ಟೈಪ್ ಮಾಡಿದರೆ ತೊಂದರೆ ಇಲ್ಲ. ಆ ಟೈಪಿಂಗ್ ಕೆಲಸ ಉಳಿಸಿಕೊಟ್ಟರೆ ಮಾತ್ರ ದೇಶದ ಭದ್ರತೆಗೆ ಧಕ್ಕೆ! ಇಂಥದ್ದನ್ನು ಯಾರಾದರೂ ನಾಟಕದಲ್ಲಿ ಬರೆದರೆ ಜಾಸ್ತಿಯಾಯಿತು ಅನ್ನುತ್ತಿದ್ದೆವು. ಇದು ಸರ್ಕಾರಿ ಕಾಗದದಲ್ಲಿ ಇತ್ತು.

ಇವತ್ತು ನಾನು ಹೇಳಹೊರಟಿರುವುದು ಈ ಕಾಲದ ಕೋರ್ಟ್ ಕೇಸುಗಳ ಕಥೆ. ಸಾಫ್ಟ್‌ವೇರ್ ವಲಯದಲ್ಲಿ ಈ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ಅಭ್ಯಾಸ ಇದೆ: "ಕೋಡ್ ಅಂದರೆ ಮಾತು, ಅದಕ್ಕೂ ವಾಕ್ ಸ್ವಾತಂತ್ರ್ಯ ಇದೆ ಅಂತ ಕೋರ್ಟು ಹೇಳಿಬಿಟ್ಟಿದೆ." ಇದು ಅರ್ಧ ನಿಜ. ಉಳಿದರ್ಧ ಇನ್ನೂ ಸ್ವಾರಸ್ಯವಾಗಿದೆ, ಸ್ವಲ್ಪ ಚಿಂತೆ ಹುಟ್ಟಿಸುವಂಥದ್ದೂ ಹೌದು. ಈ ಜಗಳ ಬರೀ ಗುಟ್ಟಿನದಲ್ಲ. ಬರೆದದ್ದನ್ನು ಹಂಚುವ ಮೊದಲು ಸರ್ಕಾರದ ಅಪ್ಪಣೆ ಬೇಕಾ ಅನ್ನುವುದೇ ಅದರ ಬೇರು. ಆ ಎಳೆಯನ್ನು ಹಿಡಿದುಕೊಂಡೇ ಹೋಗೋಣ.

ಮೊದಲು, ಎನ್‌ಕ್ರಿಪ್ಶನ್ ಆಯುಧಗಳ ಪಟ್ಟಿಗೆ ಬಂದದ್ದು ಹೇಗೆ? ಸರ್ಕಾರದವರು ದಡ್ಡರೇನಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಜಪಾನುಗಳ ಗುಪ್ತ ಸಂದೇಶಗಳನ್ನು ಬಿಡಿಸಿ ಓದಿದ್ದರಿಂದ ಎಷ್ಟು ಲಾಭವಾಯಿತು ಅನ್ನುವುದನ್ನು ಅವರು ಕಣ್ಣಾರೆ ಕಂಡವರು. ಆಗ ಗುಪ್ತ ಸಂದೇಶದ ಯಂತ್ರ ಅಂದರೆ ಸೈನ್ಯ, ರಾಯಭಾರ ಕಚೇರಿ ಇಂಥವರ ಹತ್ತಿರ ಮಾತ್ರ ಇರುತ್ತಿತ್ತು. ಅದನ್ನು ಟ್ಯಾಂಕು, ಕ್ಷಿಪಣಿಗಳ ಜೊತೆ ಅದೇ ಪಟ್ಟಿಯಲ್ಲಿ ಸೇರಿಸಿದ್ದು ಆ ಕಾಲಕ್ಕೆ ಸಹಜವೇ. 1976ರ ಆಯುಧ ರಫ್ತು ನಿಯಂತ್ರಣ ಕಾಯ್ದೆಯ ಅಡಿ ಬಂದ ನಿಯಮಗಳಲ್ಲಿ ಗುಪ್ತಲಿಪಿಯ ಸಾಫ್ಟ್‌ವೇರ್‌ಗೂ ಜಾಗ ಸಿಕ್ಕಿತು. ಮುರಿದರೆ 10 ವರ್ಷದವರೆಗೆ ಜೈಲು, 10 ಲಕ್ಷ ಡಾಲರ್‌ವರೆಗೆ ದಂಡ. ಹೆಸರಿಗೆ ವಿದೇಶಾಂಗ ಇಲಾಖೆ ಲೈಸೆನ್ಸ್ ಕೊಡುವುದು. ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ ಅನ್ನುವುದರಲ್ಲಿ ಎನ್‌ಎಸ್‌ಎ, ಅಂದರೆ ಅಲ್ಲಿನ ಕದ್ದಾಲಿಕೆ ಸಂಸ್ಥೆಯ ಮಾತೇ ನಡೆಯುತ್ತಿತ್ತು.

ವಿಚಿತ್ರ ನೋಡಿ, ಅದೇ 1976ರಲ್ಲೇ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ತಮ್ಮ ಪ್ರಬಂಧ ಪ್ರಕಟಿಸಿದರು. ಮೊದಲೇ ಭೇಟಿಯಾಗಿ ಕೀಲಿ ಹಂಚಿಕೊಳ್ಳದ ಇಬ್ಬರು ಕೂಡ ತೆರೆದ ತಂತಿಯ ಮೇಲೆ ಗುಟ್ಟಾಗಿ ಮಾತಾಡಿಕೊಳ್ಳಬಹುದು ಅಂತ ತೋರಿಸಿದರು. ಮರುವರ್ಷ ಎಂಐಟಿಯ ಮೂವರು ಆರ್‌ಎಸ್‌ಎ ಅನ್ನುವ ಎನ್‌ಕ್ರಿಪ್ಶನ್ ಪದ್ಧತಿ ಕಂಡುಹಿಡಿದರು. ಸೈನ್ಯದ ಸ್ವತ್ತಾಗಿದ್ದ ವಿದ್ಯೆ ವಿಶ್ವವಿದ್ಯಾಲಯದ ಕರಿಹಲಗೆಯ ಮೇಲೆ ಬಂತು. ಎನ್‌ಎಸ್‌ಎಗೆ ಇದು ಸರಿಬರಲಿಲ್ಲ. 1977ರಲ್ಲಿ ಅಲ್ಲಿನ ಒಬ್ಬ ನೌಕರ, ಸಮ್ಮೇಳನದಲ್ಲಿ ಇಂಥ ಪ್ರಬಂಧ ಓದಿದರೆ ಆಯುಧ ರಫ್ತಿನ ನಿಯಮ ಮುರಿದಂತೆ ಆದೀತು ಅಂತ ಎಂಜಿನಿಯರುಗಳ ಸಂಘಕ್ಕೆ ಕಾಗದ ಬರೆದ. ಆ ವರ್ಷದ ಅಕ್ಟೋಬರ್‌ನ ಸಮ್ಮೇಳನದಲ್ಲಿ ಹೆಲ್ಮನ್ ತಮ್ಮ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಾವೇ ನಿಂತು ಮಂಡಿಸಿದರು. ವಿದ್ಯಾರ್ಥಿಗಳು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕೇಸು ಬಿದ್ದರೆ ಕಾಯಂ ನೌಕರಿ ಇರುವ ಮೇಷ್ಟರ ಮೇಲೆ ಬೀಳಲಿ, ಹುಡುಗರ ಮೇಲೆ ಬೇಡ ಅಂತ.

ಇದರ ಬೆನ್ನಿಗೇ ಒಂದು ಘಟನೆ ನಡೆಯಿತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಜನ ಕಡಿಮೆ ಮಾತಾಡುವ ಭಾಗ ಇದು. 1978ರ ಮೇ ತಿಂಗಳಲ್ಲಿ ಅಮೆರಿಕದ ಕಾನೂನು ಇಲಾಖೆಯೇ ಒಂದು ಟಿಪ್ಪಣಿ ಬರೆಯಿತು. ಖಾಸಗಿ ಜನ ತಾವೇ ಕಂಡುಹಿಡಿದ ಗುಪ್ತಲಿಪಿ ವಿಚಾರಗಳನ್ನು ಪ್ರಕಟಿಸುವ ಮೊದಲು ಲೈಸೆನ್ಸ್ ಕೇಳಬೇಕು ಅನ್ನುವುದು ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧ ಅಂತ ಅದರಲ್ಲಿತ್ತು. ಮೊದಲ ತಿದ್ದುಪಡಿ ಅಂದರೆ ಅಲ್ಲಿನ ವಾಕ್ ಸ್ವಾತಂತ್ರ್ಯದ ರಕ್ಷಣೆ. ಸರ್ಕಾರದ ಸ್ವಂತ ವಕೀಲರೇ, ಈ ನಿಯಮ ನಿಲ್ಲುವುದಿಲ್ಲ ಅಂತ 1978ರಲ್ಲೇ ಹೇಳಿದ್ದರು! ಆದರೂ ನಿಯಮ ಸುಮಾರು 20 ವರ್ಷ ಹಾಗೇ ಇತ್ತು. ಸವಾಲು ಹಾಕುವವರು ಬರುವವರೆಗೆ ಯಾರೂ ಅದನ್ನು ಮುಟ್ಟಲಿಲ್ಲ.

ಜಗಳ ಬೀದಿಗೆ ಬಂದದ್ದು 1991ರಲ್ಲಿ. ಸಂದೇಶಗಳನ್ನು ಸರ್ಕಾರ ಬೇಕೆಂದಾಗ ಬಿಡಿಸಿ ಓದುವಂತಿರಬೇಕು ಅನ್ನುವ ಒಂದು ಸಾಲು ಆ ವರ್ಷ ಸೆನೆಟ್‌ನ ಮಸೂದೆಯೊಂದರಲ್ಲಿ ಸೇರಿಕೊಂಡಿತ್ತು. ಅದು ಕಾನೂನಾಗುವ ಮೊದಲೇ ಜನರ ಕೈಗೆ ಸಾಧನ ಕೊಟ್ಟುಬಿಡಬೇಕು ಅಂತ ಕೊಲರಾಡೊದ ಫಿಲ್ ಝಿಮ್ಮರ್‌ಮನ್ ಸಂದೇಶಗಳನ್ನು ಗೂಢಗೊಳಿಸುವ ಪಿಜಿಪಿ ಅನ್ನುವ ಪ್ರೋಗ್ರಾಂ ಬರೆದು ಮುಗಿಸಿ, ಪುಕ್ಕಟೆಯಾಗಿ ಹಂಚಿದರು. ಸ್ನೇಹಿತರು ಅದನ್ನು ಇಂಟರ್ನೆಟ್‌ಗೆ ಹಾಕಿದರು. ಕೆಲವೇ ದಿನಗಳಲ್ಲಿ ಅದು ದೇಶ ದಾಟಿತ್ತು. ಮಸೂದೆಯ ಆ ಸಾಲು ಆಮೇಲೆ ಬಿದ್ದುಹೋಯಿತು, ಆ ಮಾತು ಬೇರೆ.

1993ರಿಂದ ಝಿಮ್ಮರ್‌ಮನ್ ಮೇಲೆ ತನಿಖೆ ಶುರುವಾಯಿತು. ಲೈಸೆನ್ಸ್ ಇಲ್ಲದೆ ಯುದ್ಧ ಸಾಮಗ್ರಿ ರಫ್ತು ಮಾಡಿದ ಆರೋಪ. ಮೂರು ವರ್ಷ ತೂಗುಗತ್ತಿ ನೇತಾಡುತ್ತಲೇ ಇತ್ತು. 1996ರ ಜನವರಿಯಲ್ಲಿ, ಯಾವ ಕಾರಣವನ್ನೂ ಹೇಳದೆ ಸರ್ಕಾರ ತನಿಖೆ ಕೈಬಿಟ್ಟಿತು. ಕೇಸು ಕೋರ್ಟಿಗೆ ಬರಲೇ ಇಲ್ಲ. ಹಾಗಾಗಿ ಪಿಜಿಪಿ ಪ್ರಕರಣದಿಂದ ಕಾನೂನಿಗೆ ಏನೂ ಸಿಗಲಿಲ್ಲ. ಹೆಸರು ಮಾತ್ರ ದೊಡ್ಡದಾಯಿತು.

ಈ ನಡುವೆ ಒಂದು ಚಂದದ ಉಪಾಯ ನಡೆಯಿತು. ಪುಸ್ತಕಕ್ಕೆ ತಡೆಯಿಲ್ಲ ಅಂದರಲ್ವಾ? ಸರಿ, ಪುಸ್ತಕವನ್ನೇ ಮಾಡೋಣ ಅಂದುಕೊಂಡರು. 1995ರಲ್ಲಿ ಎಂಐಟಿ ಪ್ರೆಸ್ ಪಿಜಿಪಿಯ ಇಡೀ ಸೋರ್ಸ್ ಕೋಡ್‌ಅನ್ನು ಪುಸ್ತಕವಾಗಿ ಅಚ್ಚು ಹಾಕಿತು. 1997ರಲ್ಲಿ ಪಿಜಿಪಿ 5.0 ಬಂದಾಗ ಇದೇ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡಿದರು. ಆ ಪುಸ್ತಕಗಳ ಪುಟವನ್ನು ನೋಡಬೇಕು. ಸ್ಕ್ಯಾನರ್ ತಪ್ಪಿಲ್ಲದೆ ಓದಲಿ ಅಂತ ಆರಿಸಿದ ಅಕ್ಷರ. ಪ್ರತಿ ಸಾಲಿನ ಎಡ ಅಂಚಿನಲ್ಲಿ ತಾಳೆ ನೋಡಲು ಪುಟ್ಟ ಸಂಖ್ಯೆ. ಒಂದು ಅಕ್ಷರ ತಪ್ಪಾಗಿ ಓದಿದರೂ ಸಂಖ್ಯೆ ಹೊಂದುವುದಿಲ್ಲ. ಕಾಗದದ ಮೇಲೆ ಕಾಣದ ಟ್ಯಾಬ್‌ಗಳಿಗೂ ಕಾಣುವ ಗುರುತು. ಮನುಷ್ಯರು ಓದುವುದಕ್ಕೆ ಮಾಡಿದ ಪುಸ್ತಕ ಅಲ್ಲವೇ ಅಲ್ಲ ಅದು. ಆದರೂ ಕಾನೂನಿನ ಕಣ್ಣಿಗೆ ಪುಸ್ತಕ. ಅಂಚೆಯಲ್ಲಿ ಯೂರೋಪಿಗೆ ಹೋಯಿತು. ಅಲ್ಲಿನ ಉತ್ಸಾಹಿಗಳು ಪುಟ ಪುಟವಾಗಿ ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ಕಂಪೈಲ್ ಮಾಡಿ, ನಾರ್ವೆಯಿಂದ ಇಡೀ ಜಗತ್ತಿಗೆ ಬಿಟ್ಟರು. ಎಲ್ಲವೂ ಕಾನೂನುಬದ್ಧ!

ಇನ್ನೊಂದು ಕಡೆ ಬ್ರಿಟನ್ನಿನ ಆಡಮ್ ಬ್ಯಾಕ್ ಆರ್‌ಎಸ್‌ಎ ಪದ್ಧತಿಯನ್ನು ಪರ್ಲ್ ಭಾಷೆಯಲ್ಲಿ ಕೆಲವೇ ಸಾಲಿಗೆ ಇಳಿಸಿದರು. ಅದನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು ಜನ ಓಡಾಡಿದರು. ಅಂಗಿ ಹಾಕಿಕೊಂಡು ವಿಮಾನ ಹತ್ತಿದರೆ ಆಯುಧ ಸಾಗಣೆಯಾ ಅನ್ನುವುದು ಆಗಿನ ಜೋಕು.

ಈಗ ಮುಖ್ಯ ಕೇಸಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಡೇನಿಯಲ್ ಬರ್ನ್‌ಸ್ಟೈನ್ ಬರ್ಕ್ಲಿಯಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿ. ಕಂಪ್ಯೂಟರ್‌ನಲ್ಲಿ ಹ್ಯಾಶ್ ಫಂಕ್ಷನ್ ಅಂತ ಒಂದಿದೆ. ಎಷ್ಟೇ ಉದ್ದದ ಕಡತ ಕೊಟ್ಟರೂ ಅದಕ್ಕೊಂದು ಗಿಡ್ಡ ಗುರುತು ಮಾಡಿಕೊಡುತ್ತದೆ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಇದರ ರಫ್ತಿಗೆ ತಡೆ ಇರಲಿಲ್ಲ. ಎನ್‌ಕ್ರಿಪ್ಶನ್‌ಗೆ ತಡೆ ಇತ್ತು. ಬರ್ನ್‌ಸ್ಟೈನ್ ತೋರಿಸಿದ್ದು ಇಷ್ಟೇ: ಒಳ್ಳೆಯ ಹ್ಯಾಶ್ ಫಂಕ್ಷನ್ ಯಾವುದೇ ಇರಲಿ, ಅದನ್ನು ಚಿಕ್ಕ ಪ್ರೋಗ್ರಾಂ ಒಂದರಿಂದ ಎನ್‌ಕ್ರಿಪ್ಶನ್ ಆಗಿ ತಿರುಗಿಸಬಹುದು. ಅಂದರೆ ಸರ್ಕಾರ ಎಳೆದ ಗೆರೆಗೆ ಅರ್ಥವೇ ಇಲ್ಲ. ಆ ಪ್ರೋಗ್ರಾಂಗೆ ಸ್ನಫಲ್ ಅಂತ ಹೆಸರಿಟ್ಟರು.

1992ರಲ್ಲಿ, ಇದನ್ನು ಪ್ರಕಟಿಸಲು ಅನುಮತಿ ಬೇಕಾ ಅಂತ ವಿದೇಶಾಂಗ ಇಲಾಖೆಯನ್ನು ಕೇಳಿದರು. ಬೇಕು, ಇದು ಯುದ್ಧ ಸಾಮಗ್ರಿ ಅಂದರು. ಮರುವರ್ಷ ಬರ್ನ್‌ಸ್ಟೈನ್ ಅದೇ ವಿಷಯವನ್ನು ಐದು ಭಾಗ ಮಾಡಿ ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿದರು. ಗೂಢಗೊಳಿಸುವ ಕೋಡ್, ಬಿಡಿಸುವ ಕೋಡ್, ಪದ್ಧತಿಯನ್ನು ವಿವರಿಸುವ ಇಂಗ್ಲಿಷ್ ಪ್ರಬಂಧ, ಬಳಸುವುದು ಹೇಗೆ ಅನ್ನುವ ಸೂಚನೆ, ಕಂಪ್ಯೂಟರ್‌ಗೆ ಅಳವಡಿಸುವುದು ಹೇಗೆ ಅನ್ನುವ ಸೂಚನೆ. ಐದಕ್ಕೂ ಲೈಸೆನ್ಸ್ ಬೇಕು ಅಂತಲೇ ಉತ್ತರ. ಇಲ್ಲಿ ಗಮನಿಸಿ, ಪ್ರಬಂಧಕ್ಕೂ ಬೇಕು. ಗಣಿತದ ವಿದ್ಯಾರ್ಥಿಯೊಬ್ಬ ತನ್ನ ವಿಚಾರವನ್ನು ಗದ್ಯದಲ್ಲಿ ಬರೆದು ಪ್ರಕಟಿಸಲು ಆಯುಧ ವ್ಯಾಪಾರಿಯ ಲೈಸೆನ್ಸ್ ತೆಗೆದುಕೊಳ್ಳಬೇಕು. ಇದು ತಮಾಷೆಯಾಗಿ ಕಾಣುತ್ತದೆ, ಪೇಚಿಗೆ ಸಿಕ್ಕವನಿಗೆ ತಮಾಷೆ ಅಲ್ಲ.

1995ರ ಫೆಬ್ರವರಿಯಲ್ಲಿ ಬರ್ನ್‌ಸ್ಟೈನ್ ಕೇಸು ಹಾಕಿದರು. ಡಿಜಿಟಲ್ ಹಕ್ಕುಗಳಿಗೆ ಹೋರಾಡುವ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಅನ್ನುವ ಸಂಸ್ಥೆ ಬೆನ್ನಿಗೆ ನಿಂತಿತು. ವಾದ ಮಾಡಿದವರು ಸಿಂಡಿ ಕೋನ್. ಕೇಸು ಬಿದ್ದು ಕೆಲವೇ ತಿಂಗಳಿಗೆ ಇಲಾಖೆ ಸುರುಳಿ ಸುತ್ತಿಕೊಂಡು, ಪ್ರಬಂಧಕ್ಕೆ ಲೈಸೆನ್ಸ್ ಬೇಡ ಅಂದಿತು. ಕೋಡ್‌ಗೆ ಮಾತ್ರ ಬೇಕು ಅನ್ನುವ ಹಟ ಬಿಡಲಿಲ್ಲ.

ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ 1996ರ ಏಪ್ರಿಲ್‌ನಲ್ಲಿ ಮೊದಲ ತೀರ್ಪು ಕೊಟ್ಟರು. ಸೋರ್ಸ್ ಕೋಡ್ ಕೂಡ ಮಾತೇ ಅಂದರು. ಜರ್ಮನ್, ಫ್ರೆಂಚ್ ಭಾಷೆಗಳಿಗೂ ಕಂಪ್ಯೂಟರ್ ಭಾಷೆಗೂ ಈ ವಿಷಯದಲ್ಲಿ ಅಂಥ ವ್ಯತ್ಯಾಸ ತಮಗೆ ಕಾಣಲಿಲ್ಲ ಅನ್ನುವುದು ಅವರ ನಿಲುವು. ಕಾಪಿರೈಟ್ ಕಾನೂನು ಪ್ರೋಗ್ರಾಂಅನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ ಅನ್ನುವುದನ್ನೂ ನೆನಪಿಸಿದರು. ಇದು ನನಗೆ ತುಂಬಾ ಹಿಡಿಸಿದ ಮಾತು. ಮಾರುವಾಗ ಸಾಹಿತ್ಯ, ಹಂಚುವಾಗ ಬಂದೂಕು ಅಂದರೆ ಹೇಗೆ?

ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡನೇ ತೀರ್ಪು. ಅಪ್ಪಣೆಯ ಪ್ರಶ್ನೆ ಬಂದದ್ದು ಇಲ್ಲಿ. ಅಮೆರಿಕದ ಕಾನೂನಿನಲ್ಲಿ ಆಡಿದ ಮಾತಿಗೆ ಶಿಕ್ಷೆ ಕೊಡುವುದು ಒಂದು, ಆಡುವ ಮೊದಲೇ ತಡೆಯುವುದು ಇನ್ನೊಂದು. ಎರಡನೆಯದನ್ನು ಕೋರ್ಟುಗಳು ಬಹಳ ಅನುಮಾನದಿಂದ ನೋಡುತ್ತವೆ. 1965ರಲ್ಲಿ, ಸಿನಿಮಾ ಸೆನ್ಸಾರ್ ಕುರಿತ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಷರತ್ತು ಹಾಕಿತ್ತು. ಮೊದಲೇ ಅಪ್ಪಣೆ ಕೇಳಬೇಕು ಅನ್ನುವ ವ್ಯವಸ್ಥೆ ಇದ್ದರೆ ಉತ್ತರ ಬೇಗ ಬರಬೇಕು, ಬೇಗನೆ ಕೋರ್ಟಿಗೆ ಹೋಗುವ ದಾರಿ ಇರಬೇಕು, ಇದು ತಡೆಯಬೇಕಾದದ್ದು ಅಂತ ಸಾಬೀತು ಮಾಡುವ ಹೊರೆ ಸರ್ಕಾರದ್ದೇ ಆಗಿರಬೇಕು. ಆಯುಧ ನಿಯಮದಲ್ಲಿ ಈ ಮೂರೂ ಇರಲಿಲ್ಲ. ಯಾವುದು ಆಯುಧ ಅನ್ನುವ ತೀರ್ಮಾನವನ್ನು ಕೋರ್ಟು ಕೇಳುವಂತೆಯೇ ಇಲ್ಲ ಅಂತ ಕಾಯ್ದೆಯಲ್ಲೇ ಬರೆದಿತ್ತು. ಹೀಗಾಗಿ ಈ ನಿಯಮ ಸಂವಿಧಾನ ವಿರೋಧಿ ಅಂತ ಪಟೇಲ್ ತೀರ್ಪು ಕೊಟ್ಟರು. ಸುಮಾರು 20 ವರ್ಷದ ಹಿಂದಿನ ಆ ಟಿಪ್ಪಣಿಯಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇದೇ.

ಅಷ್ಟರಲ್ಲಿ ಸರ್ಕಾರ ಆಟದ ಅಂಗಳವನ್ನೇ ಬದಲಿಸಿತ್ತು. ತೀರ್ಪಿಗೆ ಒಂದು ತಿಂಗಳು ಮುಂಚೆ, 1996ರ ನವೆಂಬರ್‌ನಲ್ಲಿ, ಅಧ್ಯಕ್ಷ ಕ್ಲಿಂಟನ್ ಎನ್‌ಕ್ರಿಪ್ಶನ್‌ಅನ್ನು ಆಯುಧ ಪಟ್ಟಿಯಿಂದ ತೆಗೆದು ವಾಣಿಜ್ಯ ಇಲಾಖೆಗೆ ವರ್ಗಾಯಿಸಿದರು. ಕೇಳಲು ದೊಡ್ಡ ಸುಧಾರಣೆ. ಆದರೆ ಲೈಸೆನ್ಸ್ ಬೇಕು ಅನ್ನುವುದು ಹಾಗೇ ಉಳಿಯಿತು. ಹೊಸ ನಿಯಮದಲ್ಲೂ ಅಚ್ಚಾದ ಪುಸ್ತಕಕ್ಕೆ ವಿನಾಯಿತಿ, ಫೈಲ್‌ಗೆ ಇಲ್ಲ. ಜೊತೆಗೆ, ಸ್ಕ್ಯಾನ್ ಮಾಡಲು ಅನುಕೂಲವಾಗುವಂತೆ ಅಚ್ಚು ಹಾಕಿದರೆ ಅದನ್ನೂ ಹಿಡಿಯಬೇಕಾ ಅನ್ನುವುದನ್ನು ಪರಿಶೀಲಿಸುತ್ತಿದ್ದೇವೆ ಅಂತ ಒಂದು ಸಾಲು! ಪಿಜಿಪಿ ಪುಸ್ತಕದವರ ಮೇಲಿನ ಸಿಟ್ಟು ಅಲ್ಲಿ ಇಣುಕುತ್ತದೆ.

ಪಟೇಲ್ 1997ರಲ್ಲಿ ಹೊಸ ನಿಯಮವನ್ನೂ ತಳ್ಳಿಹಾಕಿದರು. ಸರ್ಕಾರ ಮೇಲ್ಮನವಿ ಹೋಯಿತು. 1999ರ ಮೇ 6ರಂದು ಒಂಬತ್ತನೇ ವಲಯದ ಮೇಲ್ಮನವಿ ಕೋರ್ಟು ಎರಡಕ್ಕೆ ಒಂದು ಮತದಿಂದ ಬರ್ನ್‌ಸ್ಟೈನ್ ಪರ ತೀರ್ಪು ಕೊಟ್ಟಿತು. ಬರೆದವರು ನ್ಯಾಯಾಧೀಶೆ ಬೆಟ್ಟಿ ಫ್ಲೆಚರ್. ಸರ್ಕಾರದ ವಾದ ಹೀಗಿತ್ತು: ಕೋಡ್ ಬರೀ ಮಾತಲ್ಲ, ಅದು ಕೆಲಸ ಮಾಡುತ್ತದೆ, ಯಂತ್ರವನ್ನು ನಡೆಸುತ್ತದೆ, ನಾವು ತಡೆಯುತ್ತಿರುವುದು ಆ ಕೆಲಸವನ್ನು. ಗಟ್ಟಿ ವಾದವೇ ಇದು. ಫ್ಲೆಚರ್ ಎರಡು ಉತ್ತರ ಕೊಟ್ಟರು. ಸೋರ್ಸ್ ಕೋಡ್ ಬರೆಯುವುದು ಮನುಷ್ಯರೂ ಓದಲಿ ಅಂತ. ಈ ಕ್ಷೇತ್ರದವರು ಒಬ್ಬರಿಗೊಬ್ಬರು ವಿಚಾರ ತಿಳಿಸುವುದೇ ಅದರಲ್ಲಿ. ಇನ್ನೊಂದು, ಬಾಯಿಮಾತಿನ ಅಪ್ಪಣೆಗೆ ಕಂಪ್ಯೂಟರ್ ಕೆಲಸ ಮಾಡುವ ಕಾಲ ಹತ್ತಿರದಲ್ಲಿದೆ. ಯಂತ್ರವನ್ನು ನಡೆಸುತ್ತದೆ ಅನ್ನುವ ಒಂದೇ ಕಾರಣಕ್ಕೆ ರಕ್ಷಣೆ ಹೋಗುವುದಾದರೆ ಆಗ ಮಾತಿಗೇ ರಕ್ಷಣೆ ಇಲ್ಲದಂತಾಗುತ್ತದೆ. ಇದು 1999ರ ಮಾತು. ಈಗ ನಾವು ದಿನಾ ಸರಳ ವಾಕ್ಯದಲ್ಲಿ ಕೇಳಿ ಯಂತ್ರದಿಂದ ಪ್ರೋಗ್ರಾಂ ಬರೆಸುತ್ತಿದ್ದೇವೆ. ಆ ಸಾಲನ್ನು ಈಗ ಓದಿದರೆ ಮೈ ಜುಮ್ಮೆನ್ನುತ್ತದೆ.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಾರೆ. ಮುಂದೆ ಆದದ್ದು ಏನು? ಕೆಲವೇ ತಿಂಗಳಲ್ಲಿ, ಇನ್ನೂ ಹೆಚ್ಚು ನ್ಯಾಯಾಧೀಶರ ಪೀಠ ಈ ಕೇಸನ್ನು ಮತ್ತೆ ಕೇಳಲಿದೆ ಅಂತಾಯಿತು. ಹಾಗಾದ ಕೂಡಲೇ ಫ್ಲೆಚರ್ ಬರೆದ ಆ ತೀರ್ಪನ್ನು ಕೋರ್ಟು ವಾಪಸ್ ಪಡೆಯಿತು. ಮರುವಿಚಾರಣೆ ನಡೆಯುವ ಮೊದಲೇ, 2000ದ ಜನವರಿಯಲ್ಲಿ ಸರ್ಕಾರ ನಿಯಮವನ್ನು ಬಹಳ ಸಡಿಲ ಮಾಡಿತು. ಎಲ್ಲರಿಗೂ ಸಿಗುವ ಸೋರ್ಸ್ ಕೋಡ್ ಹಾಕಲು ಲೈಸೆನ್ಸ್ ಬೇಡ, ತಿಳಿಸಿದರೆ ಸಾಕು ಅಂತ. ಕೇಸು ಕೆಳಗಿನ ಕೋರ್ಟಿಗೆ ಮರಳಿತು. ಬರ್ನ್‌ಸ್ಟೈನ್ ಉಳಿದ ನಿಯಮಗಳ ಮೇಲೆ ಮತ್ತೆ ಹೋರಾಡಿದರು. ಅವುಗಳಲ್ಲಿ ಕೆಲವನ್ನು ಅವರ ಮೇಲೆ ಹೇರುವ ಉದ್ದೇಶ ಇಲ್ಲ ಅಂತ ಸರ್ಕಾರ ಹೇಳಿತು. 2003ರಲ್ಲಿ ಕೇಸು ವಜಾ. ಅಂದರೆ ಎಲ್ಲರೂ ಎತ್ತಿ ಹೇಳುವ ಆ ಮೇಲ್ಮನವಿ ತೀರ್ಪು ಕಾನೂನಿನ ಲೆಕ್ಕದಲ್ಲಿ ಈಗ ಇಲ್ಲ.

ನಿಂತ ತೀರ್ಪು ಬೇರೆ ಇದೆ, ಅದರ ಹೆಸರು ಕೇಳಿದವರು ಕಡಿಮೆ. ಕ್ಲೀವ್‌ಲೆಂಡಿನ ಕಾನೂನು ಪ್ರಾಧ್ಯಾಪಕ ಪೀಟರ್ ಜಂಗರ್ ತಮ್ಮ ಪಾಠಕ್ಕೆ ಎನ್‌ಕ್ರಿಪ್ಶನ್ ಪ್ರೋಗ್ರಾಂ ಬಳಸಬೇಕು ಅಂತಿದ್ದರು. ತರಗತಿಯಲ್ಲಿ ವಿದೇಶಿ ವಿದ್ಯಾರ್ಥಿ ಇದ್ದರೆ ಆ ಪಾಠವೇ ರಫ್ತು! ಕೇಸು ಹಾಕಿದರು. 1998ರಲ್ಲಿ ಕೆಳಗಿನ ಕೋರ್ಟಿನಲ್ಲಿ ಸೋತರು. 2000ದ ಏಪ್ರಿಲ್‌ನಲ್ಲಿ ಆರನೇ ವಲಯದ ಕೋರ್ಟು ಆ ತೀರ್ಪನ್ನು ತಿರುವಿಹಾಕಿತು. ಸ್ವರಲಿಪಿಯನ್ನು ಎಲ್ಲರೂ ಓದಲಾರರು, ಆದರೂ ಸಂಗೀತಗಾರರಿಗೆ ಅದು ಮಾತೇ ಅಲ್ವಾ? ಸೋರ್ಸ್ ಕೋಡ್ ಕೂಡ ಹಾಗೇ, ಅದಕ್ಕೂ ಮೊದಲ ತಿದ್ದುಪಡಿಯ ರಕ್ಷಣೆ ಇದೆ ಅಂದಿತು. ಆದರೆ ಅದೇ ಕೋರ್ಟು, ಕೋಡ್ ಕೆಲಸವನ್ನೂ ಮಾಡುವುದರಿಂದ ಸರ್ಕಾರದ ಹಿತವನ್ನೂ ತೂಗಬೇಕು ಅಂತ ಬಾಲಂಗೋಚಿ ಸೇರಿಸಿತು.

ಫಿಲ್ ಕಾರ್ನ್ ಕಥೆ? ಫ್ಲಾಪಿಯ ವಿಷಯಕ್ಕೆ ಅವರೂ ಕೇಸು ಹಾಕಿದ್ದರು. 1996ರಲ್ಲಿ ವಾಷಿಂಗ್ಟನ್ನಿನ ಕೋರ್ಟು ಅವರ ಕೇಸನ್ನು ವಜಾ ಮಾಡಿತು. ಇದು ಅಧ್ಯಕ್ಷರ ನೀತಿಗೆ ಬಿಟ್ಟ ವಿಷಯ, ಕೋರ್ಟನ್ನು ಇಲ್ಲಿ ಎಳೆಯಬೇಡಿ ಅನ್ನುವ ಧಾಟಿ. ಹೀಗೆ ಮೂರು ಕೇಸು, ಮೂರು ದಾರಿ. ಸುಪ್ರೀಂ ಕೋರ್ಟಿನವರೆಗೆ ಒಂದೂ ಹೋಗಲಿಲ್ಲ.

ಹಾಗಾದರೆ ಗೆದ್ದದ್ದು ಯಾರು? ನನ್ನ ಅಭಿಪ್ರಾಯ ಹೇಳುತ್ತೇನೆ. ಕೋರ್ಟು ಸರ್ಕಾರವನ್ನು ಮೂಲೆಗೆ ತಳ್ಳಿದ್ದು ನಿಜ, ಆದರೆ ನಿಯಮ ಸಡಿಲವಾದದ್ದರಲ್ಲಿ ವ್ಯಾಪಾರದ ಪಾಲು ದೊಡ್ಡದು. ನೆಟ್‌ಸ್ಕೇಪ್ ಬ್ರೌಸರ್ ಆಗ ಎರಡು ಬಗೆಯಲ್ಲಿ ಬರುತ್ತಿತ್ತು. ಅಮೆರಿಕದವರಿಗೆ 128 ಬಿಟ್ ಕೀಲಿ, ಉಳಿದವರಿಗೆ 40 ಬಿಟ್. ಬಿಟ್ ಹೆಚ್ಚಿದಷ್ಟೂ ಕೀಲಿ ಹುಡುಕುವುದು ಕಷ್ಟ. 40 ಬಿಟ್ ಅಂದರೆ ಸುಮಾರು ಒಂದು ಲಕ್ಷ ಕೋಟಿ ಕೀಲಿಗಳು. ಕೇಳಲು ದೊಡ್ಡ ಸಂಖ್ಯೆ. 1997ರ ಜನವರಿಯಲ್ಲಿ ಇಯಾನ್ ಗೋಲ್ಡ್‌ಬರ್ಗ್ ಅನ್ನುವ ವಿದ್ಯಾರ್ಥಿ ಕ್ಯಾಂಪಸ್ಸಿನ ಸುಮಾರು 250 ಕಂಪ್ಯೂಟರ್ ಜೋಡಿಸಿ, ಅಂಥ ಕೀಲಿಯನ್ನು ಮೂರೂವರೆ ಗಂಟೆಯಲ್ಲಿ ಹುಡುಕಿಬಿಟ್ಟರು. ಮರುವರ್ಷ 56 ಬಿಟ್‌ನ ಡಿಇಎಸ್ ಅನ್ನುವ ಸರ್ಕಾರಿ ಪ್ರಮಾಣಿತ ಪದ್ಧತಿ ಕೂಡ ಎರಡೂವರೆ ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನ ಯಂತ್ರಕ್ಕೆ 56 ಗಂಟೆಯಲ್ಲಿ ಶರಣಾಯಿತು. ಮುರುಕು ಬೀಗವನ್ನು ಯಾರು ಕೊಳ್ಳುತ್ತಾರೆ? ಬೇರೆ ದೇಶದ ಕಂಪನಿಗಳು ಗಟ್ಟಿ ಬೀಗ ಮಾರತೊಡಗಿದವು, ಅಮೆರಿಕದ ಕಂಪನಿಗಳು ಕೂಗೆಬ್ಬಿಸಿದವು.

ಆ ದುರ್ಬಲ ಕೀಲಿಗಳ ಕರ್ಮ ಅಲ್ಲಿಗೆ ಮುಗಿಯಲಿಲ್ಲ. ನಿಯಮ ಹೋದರೂ, ರಫ್ತಿಗೆಂದು ಸೇರಿಸಿದ್ದ ದುರ್ಬಲ ಪದ್ಧತಿಗಳು ಸಾಫ್ಟ್‌ವೇರ್‌ನ ಮೂಲೆಯಲ್ಲಿ ಹಾಗೇ ಬಿದ್ದಿದ್ದವು. 2015ರಲ್ಲಿ ಸಂಶೋಧಕರು ಫ್ರೀಕ್ ಅನ್ನುವ ದಾಳಿಯನ್ನು ಬಯಲಿಗೆಳೆದರು. ನಡುವೆ ಕೂತವನೊಬ್ಬ ಬ್ರೌಸರ್ ಮತ್ತು ಸರ್ವರ್ ಎರಡನ್ನೂ ಮರುಳು ಮಾಡಿ, ಆ ಹಳೇ 512 ಬಿಟ್ ಆರ್‌ಎಸ್‌ಎ ಕೀಲಿಗೆ ಇಳಿಸಿ, ಬಾಡಿಗೆ ಕಂಪ್ಯೂಟರ್‌ಗಳಲ್ಲಿ ಕೆಲವೇ ಗಂಟೆಯಲ್ಲಿ ಒಡೆಯಬಹುದಿತ್ತು. ಈ ಹುಳುಕು ಇದ್ದ ಸೈಟುಗಳಲ್ಲಿ ಎನ್‌ಎಸ್‌ಎಯ ವೆಬ್‌ಸೈಟೂ ಒಂದು. ಮಾಡಿದ್ದುಣ್ಣೋ ಮಹಾರಾಯ!

ಕೋಡ್ ಮಾತು ಅಂತ ಒಪ್ಪಿಕೊಂಡ ಮೇಲೂ ಸೋಲಬಹುದು ಅನ್ನುವುದಕ್ಕೆ ಡಿವಿಡಿ ಕೇಸು ಸಾಕ್ಷಿ. ಡಿವಿಡಿಯ ಬೀಗ ಬಿಡಿಸುವ ಡಿಸಿಎಸ್‌ಎಸ್ ಅನ್ನುವ ಪ್ರೋಗ್ರಾಂಅನ್ನು 2600 ಅನ್ನುವ ಪತ್ರಿಕೆಯ ಸೈಟು ಹಾಕಿತ್ತು. ಸಿನಿಮಾ ಕಂಪನಿಗಳು 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆ ಹಿಡಿದು ಕೇಸು ಹಾಕಿದವು. 2001ರಲ್ಲಿ ಎರಡನೇ ವಲಯದ ಕೋರ್ಟು, ಕೋಡ್ ಮಾತು ಹೌದು, ಆದರೆ ನಾವು ತಡೆಯುತ್ತಿರುವುದು ಅದು ಮಾಡುವ ಕೆಲಸವನ್ನು ಅಂದಿತು. ಕೋಡ್ ಹಾಕಬಾರದು, ಅದು ಇರುವ ಕಡೆಗೆ ಲಿಂಕ್ ಕೊಡಲೂಬಾರದು ಅನ್ನುವ ಆದೇಶ ಉಳಿಯಿತು. ಬರ್ನ್‌ಸ್ಟೈನ್ ಕೇಸಿನಲ್ಲಿ ಫ್ಲೆಚರ್ ಒಪ್ಪದ ವಾದ ಇಲ್ಲಿ ಗೆದ್ದಿತು. ಹಟಕ್ಕೆ ಬಿದ್ದ ಜನ ಅದೇ ಪ್ರೋಗ್ರಾಂಅನ್ನು ಹೈಕು ಪದ್ಯವಾಗಿ ಬರೆದು ಹಂಚಿದರು. ಇದನ್ನೂ ತಡೆಯುತ್ತೀರಾ ಅನ್ನುವುದು ಅವರ ಪ್ರಶ್ನೆ.

2016ರಲ್ಲಿ ಪ್ರಶ್ನೆ ತಲೆಕೆಳಗಾಗಿ ಬಂತು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಗುಂಡು ಹಾರಿಸಿ ಜನರನ್ನು ಕೊಂದ ದಾಳಿಕೋರನ ಐಫೋನ್ ತೆರೆಯಲು ಹೊಸ ಸಾಫ್ಟ್‌ವೇರ್ ಬರೆದುಕೊಡಿ ಅಂತ ಆಪಲ್‌ಗೆ ಕೋರ್ಟು ಆದೇಶಿಸಿತು. ಆಧಾರ 1789ರ ಒಂದು ಕಾಯ್ದೆ. ಕೋಡ್ ಮಾತಾದರೆ, ಒತ್ತಾಯದಿಂದ ಕೋಡ್ ಬರೆಸುವುದು ಒತ್ತಾಯದಿಂದ ಮಾತಾಡಿಸಿದಂತೆ ಅನ್ನುವುದು ಆಪಲ್‌ನ ವಾದಗಳಲ್ಲಿ ಒಂದು. ಎಫ್‌ಬಿಐ ಬೇರೆ ದಾರಿಯಲ್ಲಿ ಫೋನ್ ತೆರೆಸಿಕೊಂಡಿತು, ಅರ್ಜಿ ವಾಪಸ್ ಪಡೆಯಿತು. ಮತ್ತೆ ತೀರ್ಪಿಲ್ಲ! ಈ ಕಥೆಯಲ್ಲಿ ಇದೊಂದು ಚಾಳಿಯೇ ಆಗಿಬಿಟ್ಟಿದೆ. ಸೋಲುವ ಲಕ್ಷಣ ಕಂಡರೆ ಸರ್ಕಾರ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ಪ್ರಶ್ನೆ ಮಾತ್ರ ತೆರೆದೇ ಇರುತ್ತದೆ.

ಪ್ರಶ್ನೋತ್ತರ

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಅಪರಾಧಿಗಳಿಗೂ ಇದೇ ಬೀಗ ಸಿಗುತ್ತಲ್ಲ, ಸರ್ಕಾರ ಒಂದು ಕೀಲಿ ಇಟ್ಟುಕೊಂಡರೆ ತಪ್ಪೇನು?"

ಕೇಳಬೇಕಾದ ಪ್ರಶ್ನೆಯೇ. ಅಮೆರಿಕ ಅದನ್ನೂ ಮಾಡಿ ನೋಡಿತು. 1993ರಲ್ಲಿ ಮಾತನ್ನು ಗೂಢಗೊಳಿಸುವ ಕ್ಲಿಪ್ಪರ್ ಚಿಪ್ ಅಂತ ತಂದರು. ನಿಮ್ಮ ಮನೆ ಕೀಲಿಯ ನಕಲೊಂದನ್ನು ಠಾಣೆಯಲ್ಲಿ ಇಟ್ಟ ಹಾಗೆ. ಕೀಲಿಯನ್ನು ಎರಡು ತುಂಡು ಮಾಡಿ ಎರಡು ಸರ್ಕಾರಿ ಕಚೇರಿಗಳಲ್ಲಿ ಇಡುವ ಯೋಜನೆ. 1994ರಲ್ಲಿ ಮ್ಯಾಟ್ ಬ್ಲೇಜ್ ಅನ್ನುವ ಸಂಶೋಧಕ ಅದರಲ್ಲಿ ತೂತು ತೋರಿಸಿದರು. ಸರ್ಕಾರ ಕೀಲಿ ಹುಡುಕಲು ಬೇಕಾದ ಮಾಹಿತಿಯ ಜೊತೆ 16 ಬಿಟ್‌ನ ಚಿಕ್ಕ ತಾಳೆ ಸಂಖ್ಯೆ ಇತ್ತು. 16 ಬಿಟ್ ಅಂದರೆ 65,536 ಸಾಧ್ಯತೆ, ಅಷ್ಟೇ. ಒಂದೊಂದನ್ನೇ ಹಾಕಿ ನೋಡುತ್ತಾ ಹೋದರೆ ಚಿಪ್ ಒಪ್ಪುವ ಸುಳ್ಳು ಮಾಹಿತಿ ಸಿಗುತ್ತಿತ್ತು. ಆಮೇಲೆ ಸಂದೇಶ ಗುಟ್ಟಾಗಿಯೇ ಹೋಗುತ್ತದೆ, ಸರ್ಕಾರಕ್ಕೆ ಕೀಲಿ ಸಿಗುವುದಿಲ್ಲ. ಅಂದರೆ ಕಾನೂನು ಪಾಲಿಸುವವರ ಕೀಲಿ ಮಾತ್ರ ಠಾಣೆಯಲ್ಲಿ, ತಿಳಿದವನದ್ದು ಅವನ ಹತ್ತಿರವೇ. ಯೋಜನೆ ಮೇಲೇಳಲಿಲ್ಲ. ಅಪರಾಧ ಪತ್ತೆಗೆ ಕಷ್ಟವಾಗುತ್ತದೆ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಎಲ್ಲರ ಬೀಗವನ್ನೂ ಸಡಿಲ ಮಾಡದೆ ಅದನ್ನು ಪರಿಹರಿಸುವ ದಾರಿಯನ್ನು ಇಲ್ಲಿಯವರೆಗೆ ಯಾರೂ ಮಾಡಿ ತೋರಿಸಿಲ್ಲ.

ಇನ್ನೊಬ್ಬರು, ಬಹುಶಃ ವಿದ್ಯಾರ್ಥಿನಿ: "ಹಾಗಾದರೆ ಈಗ ಅಮೆರಿಕದಲ್ಲಿ ಎನ್‌ಕ್ರಿಪ್ಶನ್ ಕೋಡ್ ಹಾಕಲು ಯಾರನ್ನೂ ಕೇಳಬೇಕಿಲ್ವಾ?"

ಹೆಚ್ಚುಕಡಿಮೆ ಇಲ್ಲ. 2000ದಿಂದ ಬಹಳ ವರ್ಷ, ಇಂಥ ಕಡೆ ಕೋಡ್ ಹಾಕಿದ್ದೇವೆ ಅಂತ ವಾಣಿಜ್ಯ ಇಲಾಖೆಗೂ ಎನ್‌ಎಸ್‌ಎಗೂ ಒಂದೊಂದು ಇಮೇಲ್ ಕಳಿಸಬೇಕಿತ್ತು. 2021ರ ಮಾರ್ಚ್‌ನಲ್ಲಿ ಅದನ್ನೂ ಬಹುಮಟ್ಟಿಗೆ ತೆಗೆದರು. ಎಲ್ಲರಿಗೂ ಗೊತ್ತಿರುವ, ಪ್ರಮಾಣಿತ ಪದ್ಧತಿ ಬಳಸಿದ್ದರೆ ಇಮೇಲ್ ಬೇಡ. ನೀವೇ ಕಂಡುಹಿಡಿದ, ಇನ್ನೂ ಎಲ್ಲೂ ಪ್ರಮಾಣಿತವಾಗದ, ಪ್ರಕಟವೂ ಆಗದ ಪದ್ಧತಿಯಾದರೆ ಈಗಲೂ ತಿಳಿಸಬೇಕು.

ಅಂದರೆ ಬರ್ನ್‌ಸ್ಟೈನ್ ಆಮೇಲೆ ಮಾಡಿದ ಚಾಚಾ20 ಪದ್ಧತಿ ಈಗ ಪ್ರಮಾಣಿತ, ನಿಮ್ಮ ಬ್ರೌಸರ್‌ನಲ್ಲೂ ಇದೆ; ಅದರ ಕೋಡ್ ಹಾಕಲು ಯಾರಿಗೂ ಹೇಳಬೇಕಿಲ್ಲ. ಆದರೆ 1992ರ ಆ ವಿದ್ಯಾರ್ಥಿ ಇವತ್ತು ಹೊಸದಾಗಿ ಸ್ನಫಲ್ ಬರೆದು ನೆಟ್‌ಗೆ ಹಾಕಿದರೆ ಆ ಎರಡು ಇಮೇಲ್ ಕಳಿಸಲೇಬೇಕು. ಉತ್ತರಕ್ಕೆ ಕಾಯಬೇಕಾಗಿಲ್ಲ, ಅಷ್ಟೇ.